ನ್ಯಾಯವಾದ ಭಾರ

ಸರಕಿನ ವ್ಯಾಪಾರಕ್ಕೂ ಸೇವೆಯ ವ್ಯಾಪಾರಕ್ಕೂ ಇರುವ ಭೇದವನ್ನು ಕಿರ್ದಿ ಖಾತೆಗಳು ತೋರಿಸುವುದಿಲ್ಲ. ಬಟ್ಟೆಯ ಅಂಗಡಿ ಬೆಳೆದರೆ ಉಗ್ರಾಣ ತುಂಬುತ್ತದೆ. ಕಾಳಿನ ವ್ಯಾಪಾರ ಬೆಳೆದರೆ ಚೀಲಗಳ ಅಟ್ಟಿ ಎತ್ತರವಾಗುತ್ತದೆ. ಅಡುಗೆಯ ಗುತ್ತಿಗೆ, ಪ್ರವಾಸದ ವಾಹನ, ಕೊರಿಯರ್, ಯಂತ್ರಗಳ ದುರಸ್ತಿ, ಲೆಕ್ಕಪತ್ರ ಬರೆದುಕೊಡುವ ಕಚೇರಿ ಮೊದಲಾದ ವೃತ್ತಿಗಳಲ್ಲಿ ದಾಸ್ತಾನು ಎಂಬುದೇ ಇಲ್ಲವೆನ್ನಬಹುದು. ಅಲ್ಲಿ ಮಾರಾಟವಾಗುವುದು ಮನುಷ್ಯನ ಹೊತ್ತು, ಅವನ ಕೈಗಳ ಶ್ರಮ. ಆದುದರಿಂದ ಅಂಥ ವೃತ್ತಿಯೊಂದು ಬೆಳೆಯಿತು ಎಂದಾಗ, ಆ ಬೆಳವಣಿಗೆಯನ್ನು ಹೊತ್ತವರು ಯಾರು ಎಂಬ ಪ್ರಶ್ನೆ ಶ್ರಾವಕನಾದವನ ಮನಸ್ಸಿನಲ್ಲಿ ಏಳಬೇಕು.

ಹಿಂದಿನ ತಲೆಮಾರಿನ ಜೈನ ಕುಟುಂಬಗಳು ಬಹುಮಟ್ಟಿಗೆ ಬಟ್ಟೆ, ಕಾಳು, ಪಾತ್ರೆ, ಚಿನ್ನ ಬೆಳ್ಳಿ ಇಲ್ಲವೆ ಬೇಸಾಯವನ್ನು ಆಶ್ರಯಿಸಿದ್ದವು. ಸುಳ್ಳು ತೂಕ, ಸುಳ್ಳು ಅಳತೆ, ಕಲಬೆರಕೆ, ಕದ್ದ ಮಾಲಿನ ಖರೀದಿ ಇವು ಅಚೌರ್ಯಾಣುವ್ರತದ ಅತಿಚಾರಗಳೆಂದು ಅಂಗಡಿಯಲ್ಲಿ ಕುಳಿತ ಹಿರಿಯರಿಗೆ ಚೆನ್ನಾಗಿ ತಿಳಿದಿತ್ತು. ಅವರ ಮಕ್ಕಳು ಮೊಮ್ಮಕ್ಕಳಲ್ಲಿ ಅನೇಕರು ಇಂದು ಸೇವಾವೃತ್ತಿಗಳಲ್ಲಿದ್ದಾರೆ. ತಕ್ಕಡಿಯೇ ಇಲ್ಲದ ವೃತ್ತಿಯಲ್ಲಿ ತೂಕದ ದೋಷ ಬರುವುದಾದರೂ ಹೇಗೆ ಎಂಬ ನಿಶ್ಚಿಂತೆ ಅವರಲ್ಲಿ ಉಂಟಾಗುವುದು ಸಹಜ. ಆದರೆ ಸೇವಾವೃತ್ತಿಯಲ್ಲಿಯೂ ಒಂದು ತೂಕವಿದೆ. ಅದು ಗಿರಾಕಿಯ ಎದುರಿಗೆ ಇರುವುದಿಲ್ಲ, ಹಿತ್ತಲಲ್ಲಿ ಇರುತ್ತದೆ.

ಹುಬ್ಬಳ್ಳಿಯಲ್ಲಿ ಮದುವೆ ಮುಂಜಿಗಳಿಗೂ ಬಸದಿಯ ಪೂಜಾ ಮಹೋತ್ಸವಗಳಿಗೂ ಅಡುಗೆ ಮಾಡಿಸಿಕೊಡುವ ಒಬ್ಬ ಶ್ರಾವಕರ ಸಂಗತಿ ಇಲ್ಲಿ ವಿಚಾರಾರ್ಹವಾಗಿದೆ. ನೀರುಳ್ಳಿ, ಬೆಳ್ಳುಳ್ಳಿ, ಗಡ್ಡೆಗಳಿಲ್ಲದ ಅಡುಗೆ, ಸೋಸಿದ ನೀರು, ಸೂರ್ಯಾಸ್ತಕ್ಕೆ ಮುನ್ನ ಕೊನೆಯ ಪಂಕ್ತಿ, ಇವನ್ನೆಲ್ಲ ಅರಿತು ನಡೆಸುವವರು ಆ ಭಾಗದಲ್ಲಿ ಹೆಚ್ಚಿಲ್ಲದ ಕಾರಣ ಅವರಿಗೆ ಕೆಲಸದ ಕೊರತೆಯಾಗಲಿಲ್ಲ. ಮೊದಮೊದಲು ವರ್ಷಕ್ಕೆ ಹತ್ತು ಹದಿನೈದು ಕಾರ್ಯಗಳಿದ್ದವು. ಕೆಲವು ವರ್ಷಗಳಲ್ಲಿ ಒಂದೇ ಮುಹೂರ್ತದ ದಿನ ಮೂರು ಮಂಟಪಗಳಲ್ಲಿ ಅವರ ಕೊಪ್ಪರಿಗೆಗಳು ಏರತೊಡಗಿದವು. ಮಾರಾಟ ಮೂರು ಪಟ್ಟಾಯಿತು. ಮುಖ್ಯ ಅಡುಗೆಯವರು ಮಾತ್ರ ಮೊದಲಿನಂತೆ ಒಬ್ಬರೇ ಇದ್ದರು.

ಮದುವೆಯ ಅಡುಗೆಮನೆಯ ಕ್ರಮವನ್ನು ಹತ್ತಿರದಿಂದ ಕಂಡವರಿಗೆ ಇದರ ಅರ್ಥ ವಿವರಿಸಬೇಕಾಗಿಲ್ಲ. ಹಿಂದಿನ ದಿನ ಮಧ್ಯಾಹ್ನ ಒಲೆ, ಪಾತ್ರೆ, ಸಾಮಾನುಗಳು ಮಂಟಪಕ್ಕೆ ಬರಬೇಕು. ಸಂಜೆಯಿಂದ ತರಕಾರಿ ಆರಿಸುವುದು, ಹಿಟ್ಟು ಜರಡಿ ಹಿಡಿಯುವುದು, ಬೇಳೆಯಲ್ಲಿ ಹುಳು ನೋಡುವುದು. ಸೂರ್ಯೋದಯಕ್ಕೆ ಮುನ್ನ ಒಲೆ ಹಚ್ಚಬಾರದೆಂಬ ನಿಯಮವುಳ್ಳ ಮನೆಯಾದರೆ, ಐನೂರು ಆರುನೂರು ಜನರ ಊಟ ಐದಾರು ಗಂಟೆಗಳಲ್ಲಿ ಸಿದ್ಧವಾಗಬೇಕು. ಕೊನೆಯ ಪಂಕ್ತಿ ಎದ್ದ ಮೇಲೆ ಪಾತ್ರೆ ತೊಳೆದು, ಎಣಿಸಿ, ಟೆಂಪೋಗೆ ತುಂಬಿ, ಮುಂದಿನ ಮಂಟಪಕ್ಕೆ. ಹೀಗೆ ಎರಡು ರಾತ್ರಿ ಕಳೆದರೆ ಮೂರನೆಯ ದಿನ ಕಣ್ಣು ತೆರೆದಿದ್ದರೂ ಕೈ ಎಚ್ಚರವಾಗಿರುವುದಿಲ್ಲ.

ಇನ್ನೊಂದು ಸಂಗತಿಯನ್ನು ಹೇಳದೆ ಬಿಡಲಾಗದು. ಸೂರ್ಯಾಸ್ತಕ್ಕೆ ಮುನ್ನ ಎಲ್ಲರ ಊಟ ಮುಗಿಯಿತೆಂದು ಬೀಗರು ಸಂತೋಷಪಡುತ್ತಿದ್ದ ಅದೇ ಹೊತ್ತಿಗೆ, ಬಡಿಸಿದವರಿಗೆ ಬೆಳಗಿನ ಉಪ್ಪಿಟ್ಟಿನ ನಂತರ ಮತ್ತೇನೂ ಸಿಕ್ಕಿರುತ್ತಿರಲಿಲ್ಲ. ಅವರು ಉಣ್ಣುತ್ತಿದ್ದುದು ರಾತ್ರಿ ಹತ್ತಕ್ಕೆ, ಪಾತ್ರೆ ತೊಳೆಯುವ ಜಾಗದ ಪಕ್ಕದಲ್ಲಿ, ಉಳಿದುದನ್ನು. ಅವರಲ್ಲಿ ಬಹುಪಾಲು ಜನ ಜೈನರಲ್ಲ. ರಾತ್ರಿಭೋಜನ ತ್ಯಾಗದ ವ್ರತ ಅವರಿಗಿಲ್ಲ ಎಂಬುದು ನಿಜ. ಆದರೆ ಹಸಿವಿಗೆ ವ್ರತದ ಭೇದವಿಲ್ಲ.

ಒಂದು ಮೇ ತಿಂಗಳಲ್ಲಿ, ಮೂರನೆಯ ಮಂಟಪದಲ್ಲಿ, ಎರಡು ರಾತ್ರಿ ಮಲಗದಿದ್ದ ಒಬ್ಬ ಹುಡುಗ ಕಾದ ಎಣ್ಣೆಯ ಬಾಣಲೆಯನ್ನು ಇಳಿಸುವಾಗ ಹಿಡಿತ ತಪ್ಪಿದ. ಪ್ರಾಣಾಪಾಯವಾಗಲಿಲ್ಲ. ಬಲಗೈಯ ಬೆರಳುಗಳು ಮಾತ್ರ ಮುಂದೆ ಪೂರ್ತಿಯಾಗಿ ಮಡಿಚಲಿಲ್ಲ. ಅಂದು ಮುಖ್ಯ ಅಡುಗೆಯವರು ಯಜಮಾನರಿಗೆ ಹೇಳಿದ ಮಾತು ಇಷ್ಟೇ: “ಅಣ್ಣಾರ, ಒಂದ ಮೈಲೆ ಮೂರ ಲಗ್ನ ಮಾಡಾಕ ಆಗೂದಿಲ್ರೀ.” ಆ ಸುಗ್ಗಿ ಮುಗಿಯುತ್ತಲೇ ಅವರು ಕೆಲಸ ಬಿಟ್ಟು ತಮ್ಮ ಊರಿಗೆ ಹೋದರು. ಹುಡುಗನ ಆಸ್ಪತ್ರೆಯ ವೆಚ್ಚವನ್ನು ಗುತ್ತಿಗೆದಾರರು ಪೂರ್ತಿಯಾಗಿ ಭರಿಸಿದರು. ವರ್ಷದ ಲೆಕ್ಕದಲ್ಲಿ ಅದು ‘ಇತರೆ ಖರ್ಚು’ ಎಂಬ ತಲೆಬರಹದ ಕೆಳಗೆ ಹೋಯಿತು. ಲೆಕ್ಕಶಾಸ್ತ್ರ ಬಲ್ಲವರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಕೊಪ್ಪರಿಗೆಗೂ ಟೆಂಪೋಗೂ ಪ್ರತಿವರ್ಷ ಸವಕಳಿ ಬರೆಯುವ ಪದ್ಧತಿಯಿದೆ. ಮೂವತ್ತು ವರ್ಷ ಒಲೆಯ ಮುಂದೆ ನಿಂತ ಮೊಣಕಾಲುಗಳಿಗೆ ಯಾವ ಖಾತೆಯಲ್ಲಿಯೂ ಸವಕಳಿ ಬರೆಯುವುದಿಲ್ಲ. ಆದುದರಿಂದಲೇ ಅಂಥ ವೃತ್ತಿಯಲ್ಲಿ ಕಾಣುವ ಲಾಭದ ಒಂದು ಭಾಗ ಲಾಭವಾಗಿರದೆ, ಇನ್ನೊಬ್ಬರ ದೇಹದಿಂದ ಬರೆಯದೆ ತೆಗೆದ ಸಾಲವಾಗಿರುತ್ತದೆ.

ಆ ವರ್ಷದ ಚಾತುರ್ಮಾಸದ ಸ್ವಾಧ್ಯಾಯದಲ್ಲಿ ಬಸದಿಯಲ್ಲಿ ಆಚಾರ್ಯ ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರ ನಡೆಯುತ್ತಿತ್ತು. ಸ್ಥೂಲಹಿಂಸೆಯಿಂದ ವಿರಮಿಸಿದವನಿಗೆ ಹೇಳಿದ ಐದು ಅತಿಚಾರಗಳಲ್ಲಿ ಅತಿಭಾರವನ್ನು ಹೇರುವುದೂ ಆಹಾರವನ್ನು ತಡೆಯುವುದೂ ಸೇರಿವೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ಹೇಳಿರುವುದೂ ಇದನ್ನೇ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಇಷ್ಟು ಎಲ್ಲ ಸ್ವಾಧ್ಯಾಯಿಗಳಿಗೂ ಗೊತ್ತಿರುವುದೇ. ಕೆಲವು ದಿನಗಳ ನಂತರ ಪರಿಗ್ರಹಪರಿಮಾಣ ವ್ರತದ ಪ್ರಕರಣ ಬಂದಿತು. ಹೊಲ ಮನೆ, ಬೆಳ್ಳಿ ಬಂಗಾರ, ಧನ ಧಾನ್ಯ ಮುಂತಾದವುಗಳ ಪ್ರಮಾಣವನ್ನು ಮೀರುವುದು ಆ ವ್ರತದ ಅತಿಚಾರವೆಂದು ಸೂತ್ರಕಾರರ ಮತ. ಸಮಂತಭದ್ರರ ಪಟ್ಟಿ ಬೇರೆ. ಅತಿವಾಹನ, ಅತಿಸಂಗ್ರಹ, ವಿಸ್ಮಯ, ಲೋಭ, ಅತಿಭಾರವಹನ ಎಂದು ಅವರು ಹೇಳುತ್ತಾರೆ. ಅಂದರೆ ಅತಿಭಾರವು ಹಿಂಸೆಯ ಪ್ರಕರಣದಲ್ಲಿ ಒಮ್ಮೆ ಬಂದು, ಸಂಪತ್ತಿನ ಪ್ರಕರಣದಲ್ಲಿ ಮತ್ತೊಮ್ಮೆ ಬರುತ್ತದೆ.

ಒಂದೇ ದೋಷವನ್ನು ಎರಡು ಕಡೆ ಏಕೆ ಹೇಳಿದ್ದಾರೆಂದು ಗುತ್ತಿಗೆದಾರರು ಪಂಡಿತರನ್ನು ಕೇಳಿದರು. ಪಂಡಿತರು ಬಹಳ ವಿವರಿಸಲಿಲ್ಲ. “ಗಾಡಿ ಒಂದೇ, ಸಾಹುಕಾರರೇ. ಎತ್ತಿನ ಕಡೆಯಿಂದ ನೋಡಿದರೆ ಅದು ಹಿಂಸೆ, ಗಾಡಿಯ ಮೇಲೆ ಕುಳಿತವನ ಕಡೆಯಿಂದ ನೋಡಿದರೆ ಅದು ಲೋಭ” ಎಂದರು.

ಟೀಕಾಕಾರರಾದ ಪ್ರಭಾಚಂದ್ರರು ಅತಿವಾಹನವನ್ನು ವಿವರಿಸುವ ರೀತಿ ವರ್ತಕರೆಲ್ಲರೂ ಗಮನಿಸಬೇಕಾದುದು. ಎತ್ತು ಮೊದಲಾದವು ಸುಖವಾಗಿ ಎಷ್ಟು ದೂರ ನಡೆಯಬಲ್ಲವೋ ಅದಕ್ಕೂ ಮೀರಿ ಅವನ್ನು ನಡೆಸುವುದು ಅತಿವಾಹನ. ಪರಿಮಾಣ ಮಾಡಿಕೊಂಡವನೂ ಲೋಭದ ಆವೇಶದಲ್ಲಿ ಹಾಗೆ ಮಾಡುತ್ತಾನೆ ಎಂಬುದು ಅವರ ಅಭಿಪ್ರಾಯ. ಅಂದರೆ ಸಂಪತ್ತಿನ ಮಿತಿಯನ್ನು ಅಂಕೆಯಲ್ಲಿ ಮೀರದೆಯೂ ವ್ರತವನ್ನು ಕೆಡಿಸಿಕೊಳ್ಳಲು ಸಾಧ್ಯ. ಎತ್ತುಗಳ ಸಂಖ್ಯೆ ಅಷ್ಟೇ ಇರುತ್ತದೆ, ದಾರಿ ಮಾತ್ರ ಉದ್ದವಾಗುತ್ತದೆ. ವಿಸ್ಮಯವೆಂಬುದು ಇನ್ನೂ ಸೂಕ್ಷ್ಮವಾದುದು: ತಾನು ಮಾರಿದ ಮೇಲೆ ಇನ್ನೊಬ್ಬನಿಗೆ ಹೆಚ್ಚು ಲಾಭ ಬಂದುದನ್ನು ಕಂಡು ಪಡುವ ವಿಷಾದ. ಪಕ್ಕದ ಗುತ್ತಿಗೆದಾರ ಒಂದೇ ದಿನ ಐದು ಮದುವೆ ಹಿಡಿದನೆಂಬ ಸುದ್ದಿಯೇ ಎಷ್ಟೋ ಜನರನ್ನು ಮೂರನೆಯ ಮದುವೆಗೆ ಒಪ್ಪಿಸುತ್ತದೆ.

ಈ ವಿವರಣೆಗಳು ಪಶುಗಳನ್ನು ಕುರಿತವು, ಸಂಬಳ ಪಡೆದು ಸ್ವ ಇಚ್ಛೆಯಿಂದ ದುಡಿಯುವ ಮನುಷ್ಯರಿಗೆ ಸಲ್ಲವು ಎಂದು ವಾದಿಸುವವರಿದ್ದಾರೆ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಅತಿಭಾರಾರೋಪಣಕ್ಕೆ ಕೊಟ್ಟ ಅರ್ಥ, ನ್ಯಾಯವಾದ ಭಾರಕ್ಕಿಂತ ಅಧಿಕವಾದುದನ್ನು ಹೊರಿಸುವುದು ಎಂದು. ಎತ್ತಿಗೂ ನ್ಯಾಯವಾದ ಭಾರವೊಂದಿದೆ ಎಂದು ಅಷ್ಟು ಹಿಂದೆಯೇ ಒಪ್ಪಿದ ಪರಂಪರೆಯಲ್ಲಿ ಹುಟ್ಟಿ, ಮನುಷ್ಯನಿಗೆ ಅದು ಬೇಡವೆನ್ನಲು ಬಹಳ ಧೈರ್ಯ ಬೇಕು. ಸ್ವ ಇಚ್ಛೆಯ ಮಾತೂ ಹಾಗೆಯೇ. ಲಗ್ನದ ಸುಗ್ಗಿಗೆ ಮುನ್ನ ದೊಡ್ಡ ಮೊತ್ತದ ಮುಂಗಡ ಕೊಟ್ಟು, ಅದು ತೀರುವವರೆಗೆ ಬಿಟ್ಟು ಹೋಗದಂತೆ ಮಾಡುವುದು ಈ ವೃತ್ತಿಯಲ್ಲಿ ಹಳೆಯ ರೂಢಿ. ಹಗ್ಗ ಕಾಣದಿದ್ದರೂ ಅದು ಬಂಧವೇ. ಸಾಲದ ಮೂಲಕ ದುಡಿಮೆಯನ್ನು ಕಟ್ಟಿಹಾಕುವುದನ್ನು 1976ರ ಜೀತಪದ್ಧತಿ ರದ್ದಿಯಾತಿ ಕಾಯಿದೆ ಅಪರಾಧವೆಂದು ಸಾರಿದೆ. ಶಾಸ್ತ್ರಕ್ಕೆ ಕಾಯಿದೆಯ ಬೆಂಬಲ ಬೇಕಾಗಿಲ್ಲವಾದರೂ ತಿಳಿದಿರುವುದು ಒಳ್ಳೆಯದು.

ಗುತ್ತಿಗೆದಾರರು ಆ ಸ್ವಾಧ್ಯಾಯದ ನಂತರ ಒಂದು ನಿಯಮ ತೆಗೆದುಕೊಂಡರು: ಒಂದು ಮುಹೂರ್ತಕ್ಕೆ ಒಂದೇ ಕಾರ್ಯ. ವಾಣಿಜ್ಯಾಡಳಿತ ಓದಿ ಆಗ ತಾನೇ ಮನೆಗೆ ಬಂದಿದ್ದ ಮಗ ಇದನ್ನು ಒಪ್ಪಲಿಲ್ಲ. “ಅಪ್ಪಾಜಿ, ನೀವು ಬ್ಯಾಡ ಅಂದ ಲಗ್ನ ನಿಲ್ಲೂದಿಲ್ಲ. ಅದು ಐದು ಲಗ್ನ ಹಿಡಿಯವನ ಕಡೆ ಹೋಗ್ತದ. ಆ ಹುಡುಗರ ಕೈ ಸುಟ್ಟರ?” ಎಂದು ಅವನು ಕೇಳಿದನು. ಮಗನ ಮಾತಿನಲ್ಲಿ ಲಾಭದ ಆಸೆ ಇರಲಿಲ್ಲವೆಂದು ಹೇಳಲಾಗದು, ಆದರೆ ಸತ್ಯವೂ ಇತ್ತು. ಕೆಲಸವನ್ನು ನಿರಾಕರಿಸಿ ತನ್ನ ಕೈ ಶುದ್ಧವಾಗಿದೆ ಎಂದು ಸುಮ್ಮನಿರುವುದು ಗೃಹಸ್ಥನಿಗೆ ಸಾಲದು. ಬೇಡಿಕೆ ಇರುವಲ್ಲಿ ನ್ಯಾಯವಾದ ಭಾರವನ್ನು ಹೊರಬಲ್ಲ ಇನ್ನೊಂದು ಜೋಡಿ ಹೆಗಲನ್ನು ಸಿದ್ಧಪಡಿಸುವುದೂ ಅವನ ಕರ್ತವ್ಯದೊಳಗೇ ಬರುತ್ತದೆ. ತಂದೆ ಮಗ ಇಬ್ಬರೂ ಕೆಲವು ತಿಂಗಳು ಮಾತು ಬಿಡುವಷ್ಟು ಜಗಳವಾಡಿ, ಕೊನೆಗೆ ಈ ನೆಲೆಗೆ ಬಂದರು.

ಮೂರು ವರ್ಷಗಳಲ್ಲಿ ಮೂರು ತಂಡಗಳಾದವು. ಪ್ರತಿ ತಂಡಕ್ಕೂ ತನ್ನದೇ ಮುಖ್ಯ ಅಡುಗೆಯವರು, ತನ್ನದೇ ಪಾತ್ರೆ, ತನ್ನದೇ ಪುಸ್ತಕ. ಆರುನೂರು ಎಲೆ ಮೀರಿದರೆ ಎರಡು ತಂಡಗಳು ಹೋಗಬೇಕು. ಎರಡು ಕಾರ್ಯಗಳ ನಡುವೆ ಒಂದು ಪೂರ್ಣ ರಾತ್ರಿಯ ನಿದ್ರೆ ಇರದಿದ್ದರೆ ಆ ತಂಡಕ್ಕೆ ಕೆಲಸ ಬರೆಯುವಂತಿಲ್ಲ. ಸಹಾಯಕ ಅಡುಗೆಯವರೊಬ್ಬರು ಒಂದು ಸುಗ್ಗಿ ಪೂರ್ತಿ ಹಿರಿಯರ ಕಣ್ಣೆದುರಿಗೆ ಸ್ವತಂತ್ರವಾಗಿ ನಡೆಸಿ ತೋರಿಸಿದ ಮೇಲಷ್ಟೇ ಹೊಸ ತಂಡ ಕಟ್ಟಬೇಕು. ಮನುಷ್ಯ ಸಿದ್ಧವಾಗದೆ ಕೊಪ್ಪರಿಗೆ ಕೊಳ್ಳಬಾರದು. ಮುಖ್ಯ ಅಡುಗೆಯವರಿಗೆ ಸಂಬಳದ ಮೇಲೆ ತಮ್ಮ ತಂಡದ ನಿವ್ವಳ ಆದಾಯದಲ್ಲಿ ಪಾಲು, ಅದಕ್ಕಾಗಿ ಲೆಕ್ಕವನ್ನು ಅವರ ಮುಂದೆ ತೆರೆದಿಡುವುದು. ಇದು ಮಗನ ಸಲಹೆ. ತಂದೆಗೆ ಒಪ್ಪಿಕೊಳ್ಳಲು ಹೆಚ್ಚು ಕಷ್ಟವಾದುದೂ ಇದೇ. ಮುಂಗಡ ಒಂದು ತಿಂಗಳ ಸಂಬಳ ಮೀರಬಾರದು. ಬಡಿಸುವವರ ಊಟ ಮೊದಲ ಪಂಕ್ತಿಗೆ ಮುನ್ನವೇ ಆಗಬೇಕು ಎಂಬುದನ್ನು ಮಾತ್ರ ಯಾರೂ ಚರ್ಚಿಸಲಿಲ್ಲ, ಮನೆಯ ಹೆಂಗಸರು ಅದನ್ನು ಮೊದಲೇ ತೀರ್ಮಾನಿಸಿದ್ದರು.

ದರ ಏರಿತು. ಹತ್ತಾರು ವರ್ಷಗಳ ಪರಿಚಯದ ಕೆಲವು ಮನೆಗಳು ಬೇರೆಯವರ ಕಡೆಗೆ ಹೋದವು. ಮೊದಲ ಎರಡು ವರ್ಷ ಲಾಭ ಹಿಂದಿನದಕ್ಕಿಂತ ಕಡಿಮೆಯಾಗಿತ್ತು. ಆದರೆ ಕೆಲಸಗಾರರು ನಿಂತರು, ಮತ್ತು ಸೇವಾವೃತ್ತಿಯಲ್ಲಿ ಜನ ನಿಲ್ಲುವುದೇ ನಿಜವಾದ ಬಂಡವಾಳ. ಕಳೆದ ವರ್ಷದ ರುಚಿ ಈ ವರ್ಷವೂ ಸಿಗಬೇಕಾದರೆ ಕಳೆದ ವರ್ಷದ ಕೈಗಳೇ ಇರಬೇಕಲ್ಲವೆ?

ದೊಡ್ಡ ವ್ಯವಸ್ಥೆಯನ್ನು ಚಿಕ್ಕ ತಂಡಗಳಾಗಿ ನಿಲ್ಲಿಸುವ ಈ ಕ್ರಮ ಹುಬ್ಬಳ್ಳಿಯ ತಂದೆ ಮಕ್ಕಳು ಕಂಡುಹಿಡಿದುದೇನಲ್ಲ. ಮುಂಬಯಿಯ ಡಬ್ಬಾವಾಲಾಗಳು ಅದನ್ನು ಒಂದು ಶತಮಾನಕ್ಕೂ ಹೆಚ್ಚು ಕಾಲ ನಡೆಸಿ ತೋರಿಸಿದ್ದಾರೆ. 1890ರ ಸುಮಾರಿಗೆ ಆರಂಭವಾದ ಈ ವೃತ್ತಿಗೆ ಬಂದವರು ಹೆಚ್ಚಾಗಿ ಪುಣೆಯ ಸುತ್ತಲಿನ ಮಾವಳ ಸೀಮೆಯ ರೈತಕುಲದವರು. 1956ರಲ್ಲಿ ಅವರ ಧರ್ಮಾದಾಯ ಸಂಸ್ಥೆ ನೋಂದಣಿಯಾಯಿತು. ಮನೆಯಲ್ಲಿ ಮಾಡಿದ ಊಟದ ಡಬ್ಬಿಯನ್ನು ಬೆಳಿಗ್ಗೆ ಪಡೆದು, ಲೋಕಲ್ ರೈಲು, ಸೈಕಲ್, ತಳ್ಳುಗಾಡಿಗಳ ಮೂಲಕ ಮಧ್ಯಾಹ್ನದೊಳಗೆ ಕಚೇರಿಗೆ ಮುಟ್ಟಿಸಿ, ಬರಿದಾದ ಡಬ್ಬಿಯನ್ನು ಸಂಜೆಯೊಳಗೆ ಮನೆಗೆ ಹಿಂದಿರುಗಿಸುವುದು ಅವರ ಕೆಲಸ. ಡಬ್ಬಿಯ ಮುಚ್ಚಳದ ಮೇಲೆ ಬಣ್ಣದಲ್ಲಿ ಬರೆದ ಅಕ್ಷರ, ಅಂಕೆಗಳೇ ವಿಳಾಸ. ಹೋಟೆಲಿನ ಆಹಾರ ಮುಟ್ಟದ ಎಷ್ಟೋ ಗುಜರಾತಿ, ಮಾರವಾಡಿ ಜೈನರ ಆಹಾರಶುದ್ಧಿ ಈ ವಾರಕರಿ ಭಕ್ತರ ಹೆಗಲ ಮೇಲೆ ನಿಂತಿತ್ತು ಎಂಬುದನ್ನು ಸಮಾಜ ನೆನೆಯಬೇಕು. ಅವರ ತಪ್ಪುಗಳ ಪ್ರಮಾಣದ ಬಗೆಗೆ ಪತ್ರಿಕೆಗಳಲ್ಲಿ ಬಂದ ಅದ್ಭುತ ಅಂಕೆಗಳು ಇಲ್ಲಿ ಬೇಡ. ಸಂಘಟನೆಯ ರೀತಿಯೇ ಸಾಕಷ್ಟು ಕಲಿಸುತ್ತದೆ.

ಸುಮಾರು ಇಪ್ಪತ್ತೈದು ಜನರ ಒಂದು ಗುಂಪು, ಅದಕ್ಕೊಬ್ಬ ಮುಕಾದಮ. ಗುಂಪಿನ ಗಳಿಕೆಯಲ್ಲಿ ಎಲ್ಲರಿಗೂ ಪಾಲಿದೆ. ದಿನಗೂಲಿಯವರೆಂಬ ವರ್ಗವೇ ಪ್ರಧಾನವಾಗಿಲ್ಲ. ಸೇರುವವನು ತನ್ನ ಸೈಕಲ್, ಡಬ್ಬಿಗಳ ಕಟ್ಟಿಗೆಯ ಹಲಗೆ ಮುಂತಾದವಕ್ಕೆ ತಾನೂ ಬಂಡವಾಳ ಹಾಕಿರುತ್ತಾನೆ. ಪ್ರತಿ ಗುಂಪಿನಲ್ಲಿ ಕೆಲವರು ಹೆಚ್ಚುವರಿಯಾಗಿ ಇರುತ್ತಾರೆ. ಯಾರಾದರೂ ಬಾರದಿದ್ದರೆ, ರೈಲು ತಪ್ಪಿದರೆ, ಆ ಜಾಗಕ್ಕೆ ಅವರು ನಿಲ್ಲುತ್ತಾರೆ. ಖರ್ಚು ಕಡಿಮೆ ಮಾಡಬೇಕೆನ್ನುವ ಯಾವ ಸಲಹೆಗಾರನಾದರೂ ಮೊದಲು ತೆಗೆದುಹಾಕುವುದು ಈ ಹೆಚ್ಚುವರಿ ಜನರನ್ನೇ. ಡಬ್ಬಾವಾಲಾಗಳು ಅದನ್ನು ಉಳಿಸಿಕೊಂಡರು. 2010ರಲ್ಲಿ ಹಾರ್ವರ್ಡ್ ಬಿಸಿನೆಸ್ ಸ್ಕೂಲ್ ಇವರ ಕುರಿತು ಪಾಠವನ್ನೇ ಸಿದ್ಧಪಡಿಸಿತು.

ನಾಡಿಗೆ ಹತ್ತಿರದ ಮತ್ತೊಂದು ಉದಾಹರಣೆ ಇಂಡಿಯನ್ ಕಾಫಿ ಹೌಸ್. ಕಾಫಿ ಮಂಡಳಿ ತನ್ನ ಕಾಫಿ ಮನೆಗಳನ್ನು ಮುಚ್ಚತೊಡಗಿದಾಗ ಕೆಲಸ ಕಳೆದುಕೊಂಡ ಮಾಣಿಗಳು, ಅಡುಗೆಯವರು ಎ. ಕೆ. ಗೋಪಾಲನ್ ಅವರ ಮುಂದಾಳುತನದಲ್ಲಿ ಸಹಕಾರ ಸಂಘಗಳನ್ನು ಕಟ್ಟಿದರು. ಅವುಗಳಲ್ಲಿ ಮೊದಲನೆಯದು ಬೆಂಗಳೂರಿನಲ್ಲಿ 1957ರ ಆಗಸ್ಟ್‌ನಲ್ಲಿ ಹುಟ್ಟಿತು. ದೇಶಕ್ಕೆಲ್ಲ ಒಂದೇ ಸಂಸ್ಥೆಯಾಗದೆ ಪ್ರದೇಶಕ್ಕೊಂದು ಸಂಘವಾಗಿ ಉಳಿದುದರಿಂದ ಒಂದರ ಸೋಲು ಮತ್ತೊಂದನ್ನು ಎಳೆಯಲಿಲ್ಲ. ಬೆಂಗಳೂರಿನ ಮಹಾತ್ಮಾ ಗಾಂಧಿ ರಸ್ತೆಯ ಮನೆ 2009ರಲ್ಲಿ ಮುಚ್ಚಿತಾದರೂ ಚರ್ಚ್ ಸ್ಟ್ರೀಟಿನಲ್ಲಿ ಮತ್ತೆ ತೆರೆಯಿತು.

ಹಾಗೆಂದು ಚಿಕ್ಕ ತಂಡ, ಸಮಪಾಲು ಇವಿಷ್ಟರಿಂದಲೇ ಎಲ್ಲ ಸುಸೂತ್ರವೆಂದು ಭಾವಿಸುವಂತಿಲ್ಲ. 2020ರ ಮಾರ್ಚ್‌ನಲ್ಲಿ ಡಬ್ಬಾವಾಲಾಗಳ ಕೆಲಸವೂ ಮುಂಬಯಿಯ ರೈಲೂ ನಿಂತವು. ಬಹಳ ಮಂದಿ ಊರಿಗೆ ಮರಳಿದರು. ರೈಲು ಮತ್ತೆ ಓಡಿದರೂ ಕಚೇರಿಗಳು ಹಿಂದಿನಂತೆ ತುಂಬಲಿಲ್ಲ. ಸೇವೆಯು ಮೊದಲಿನ ಗಾತ್ರಕ್ಕೆ ಬರಲಿಲ್ಲ. ಬಂದುದನ್ನು ಹಂಚಿಕೊಳ್ಳುವ ವ್ಯವಸ್ಥೆಯಲ್ಲಿ, ಬಾರದ ದಿನಗಳಿಗಾಗಿ ತೆಗೆದಿಡುವುದಕ್ಕೂ ಸ್ಥಾನವಿರಬೇಕು.

ಅದೇ ವರ್ಷ ಮದುವೆಗೆ ಐವತ್ತು ಜನರ ಮಿತಿ ಬಂದಾಗ ಹುಬ್ಬಳ್ಳಿಯ ಮೂರು ತಂಡಗಳಿಗೂ ಕೆಲಸವಿರಲಿಲ್ಲ. ಪ್ರತಿ ಕಾರ್ಯದ ಆದಾಯದಿಂದ ನೂರಕ್ಕೆ ಐದು ರೂಪಾಯಿಯಂತೆ ಬೇರೆ ಖಾತೆಗೆ ಹಾಕುತ್ತ ಬಂದಿದ್ದ ಹಣವಿತ್ತು. ಅದರಿಂದ ಏಳು ತಿಂಗಳು ಎಲ್ಲರಿಗೂ ಅರ್ಧ ಸಂಬಳ ಕೊಡಲಾಯಿತು. ಎಂಟನೆಯ ತಿಂಗಳಿಗೆ ಹಣ ಮುಗಿಯಿತು. ಅರ್ಧ ಸಂಬಳದಲ್ಲಿ ಸಂಸಾರ ನಡೆಯುವುದಿಲ್ಲವೆಂದು ಹತ್ತು ಮಂದಿ ಬೇರೆ ದುಡಿಮೆಗೆ ಹೋಗಿದ್ದರು. ಅವರಲ್ಲಿ ಏಳು ಜನ ಮರಳಿ ಬಂದರು. ಖಾತೆಗೆ ಈಗ ನೂರಕ್ಕೆ ಎಂಟರಂತೆ ಹೋಗುತ್ತಿದೆ.

ಈ ವಿಚಾರದಲ್ಲಿ ಬಸದಿಗಳ ಆಡಳಿತ ಮಂಡಳಿಗಳ ಪಾಲೂ ಇದೆ. ಗುತ್ತಿಗೆದಾರನು ಎಷ್ಟೇ ನಿಯಮ ಮಾಡಿಕೊಂಡರೂ, ಅತಿ ಕಡಿಮೆ ದರದವನಿಗೇ ಕೆಲಸ ಕೊಡುವ ಮಂಡಳಿ ಆ ನಿಯಮವನ್ನು ಮುರಿಸುತ್ತದೆ. ದರ ಎಷ್ಟು ಎಂದು ಕೇಳುವಾಗ, ಜನ ಎಷ್ಟು, ಅವರು ಹಿಂದಿನ ರಾತ್ರಿ ಎಲ್ಲಿದ್ದರು ಎಂದು ಕೇಳುವುದು ಕಷ್ಟದ ಕೆಲಸವಲ್ಲ. ಪಾತ್ರೆಗಳ ನಡುವೆ ಹದಿನಾಲ್ಕು ತುಂಬದ ಮಕ್ಕಳು ಕಂಡರೆ ಸುಮ್ಮನಿರುವುದು ಧರ್ಮವೂ ಅಲ್ಲ, 2016ರ ತಿದ್ದುಪಡಿಯ ನಂತರ ಕಾಯಿದೆಯೂ ಅದನ್ನು ಒಪ್ಪುವುದಿಲ್ಲ. ಹಣ ಪಾವತಿಯ ವಿಷಯ ಇನ್ನೂ ಸೂಕ್ಷ್ಮ. ನೋಂದಾಯಿತ ಸಣ್ಣ ಉದ್ದಿಮೆಗೆ ಸಲ್ಲಬೇಕಾದ ಹಣವನ್ನು ಒಪ್ಪಂದವಿದ್ದರೂ 45 ದಿನ ಮೀರಿ ತಡೆಯುವಂತಿಲ್ಲವೆಂದು 2006ರ ಸಣ್ಣ ಉದ್ದಿಮೆಗಳ ಕಾಯಿದೆ ಹೇಳುತ್ತದೆ. ದೇವರ ಕಾರ್ಯದ ಹಣ ಎಲ್ಲಿ ಹೋಗುತ್ತದೆ ಎಂಬ ವಿಶ್ವಾಸದ ಮಾತಿನಲ್ಲಿ ಆರು ತಿಂಗಳು ಕಳೆದರೆ, ತಡೆದದ್ದು ಗುತ್ತಿಗೆದಾರನ ಲಾಭವನ್ನಲ್ಲ, ಪಾತ್ರೆ ತೊಳೆದವಳ ಕೂಲಿಯನ್ನು.

ಹುಬ್ಬಳ್ಳಿಯ ಗುತ್ತಿಗೆದಾರರು ತಮ್ಮ ಕರಾರುಪತ್ರದಲ್ಲಿ ಮೂರು ಮಾತುಗಳನ್ನು ಸೇರಿಸಿದ್ದಾರೆ: ಕೆಲಸದವರ ಊಟ ಅತಿಥಿಗಳ ಊಟಕ್ಕೆ ಮುನ್ನ, ಅವರು ಮಲಗಲು ಮಂಟಪದಲ್ಲಿ ಒಂದು ಕೋಣೆ, ಕಾರ್ಯ ಮುಗಿದ ಹದಿನೈದು ದಿನಗಳಲ್ಲಿ ಹಣ. ಕೈ ಸುಟ್ಟುಕೊಂಡ ಹುಡುಗ ಈಗ ಎರಡು ಮಕ್ಕಳ ತಂದೆ. ಸಾಮಾನಿನ ಪಟ್ಟಿ ಮತ್ತು ಮೂರು ತಂಡಗಳ ಹೊತ್ತಿನ ಪುಸ್ತಕ ಅವನ ಬಳಿ ಇವೆ, ಎಡಗೈಯಲ್ಲಿ ಬರೆಯುತ್ತಾನೆ. ಊರಿಗೆ ಮರಳಿದ ಹಿರಿಯ ಅಡುಗೆಯವರು ಅಲ್ಲಿಯೇ ಸ್ವಂತ ಕೆಲಸ ಆರಂಭಿಸಿದ್ದು, ಮೂರು ತಂಡಗಳಿಗೂ ಬಿಡುವಿಲ್ಲದ ಮುಹೂರ್ತಗಳಲ್ಲಿ ಗಿರಾಕಿಗಳನ್ನು ಅವರ ಕಡೆಗೆ ಕಳುಹಿಸಲಾಗುತ್ತದೆ. ಕರಾರುಪತ್ರವನ್ನು ಒಂದು ಬಸದಿಯ ಮಂಡಳಿ ಒಂದೇ ಸಭೆಯಲ್ಲಿ ಒಪ್ಪಿ ಸಹಿ ಹಾಕಿತು. ಇನ್ನೊಂದು ಮಂಡಳಿ ಮೊದಲೆರಡು ಮಾತುಗಳನ್ನು ಒಪ್ಪಿ, ಹದಿನೈದು ದಿನಗಳ ವಿಷಯವನ್ನು ಮುಂದಿನ ಸಭೆಗೆ ಇಟ್ಟುಕೊಂಡಿದೆ.